ಕಾರ್ಲ್ಸ್‌ರೂಎಗೆ ಬರ್ತಿರೋ ತಮ್ಮನಿಗೆ

ತಮ್ಮಾ, ಮಾಸ್ಟರ್ಸ್‌ಗೆ ಜರ್ಮನಿಯ ಕಾರ್ಲ್ಸ್‌ರೂಎಯಲ್ಲಿ ಸೀಟ್ ಸಿಕ್ಕಿದೆ, ಅಲ್ಲಿ ಜೀವನ ಹೆಂಗೆ, ಇದೆಂಥ ಹೆಸರು ಅಂತ ಕೇಳಿದ್ದೀಯ. ಹೆಸರಿಂದಾನೇ ಶುರು ಮಾಡ್ತೀನಿ, ಅರ್ಧ ಉತ್ತರ ಅದರಲ್ಲೇ ಇದೆ.

ಅರ್ಥ 'ಕಾರ್ಲ್‌ನ ವಿಶ್ರಾಂತಿ'. 1715ರಲ್ಲಿ ಕಾರ್ಲ್ ವಿಲ್ಹೆಲ್ಮ್ ಅನ್ನೋ ದೊರೆ ಕಾಡಿನ ನಡುವೆ ಅರಮನೆಗೆ ಅಡಿಪಾಯ ಹಾಕಿದ, ಅಲ್ಲಿಂದ 32 ದಾರಿ ಸುತ್ತಲೂ ಹೊರಡ್ತವೆ. ಬೇಟೆಗೆ ಬಂದು ನಿದ್ದೆ ಹೋದಾಗ ಕನಸಲ್ಲಿ ಈ ಊರು ಕಂಡ ಅಂತ ಕಥೆ ಹೇಳ್ತಾರೆ, ಬಿಡು, ಎಲ್ಲಾ ಊರಿಗೂ ಒಂದು ಕಥೆ ಇರತ್ತೆ. ಈಗ ಅವ್ನು ಮಾರ್ಕೆಟ್ ಚೌಕದ ಪಿರಮಿಡ್ ಕೆಳಗೆ ಮಲಗಿದಾನೆ.

ಮಜಾ ಇರೋದು 'ಕಾರ್ಲ್'ನಲ್ಲಿ. ಹಳೇ ಜರ್ಮನ್‌ನಲ್ಲಿ ಅದು ಗಂಡಸು, ಗಂಡ ಅಷ್ಟೇ, ರಾಜಗಾಂಭೀರ್ಯ ಏನೂ ಇಲ್ಲ. ಇಂಗ್ಲಿಷ್‌ನಲ್ಲಿ ಅದರ ದಾಯಾದಿ 'ಚರ್ಲ್' ಒರಟ ಅನ್ನೋ ಬೈಗುಳ ಆಗೋಯ್ತು, ಆದ್ರೆ 800ರಲ್ಲಿ ರೋಮ್‌ನಲ್ಲಿ ಚಕ್ರವರ್ತಿ ಪಟ್ಟ ಕಟ್ಟಿಸ್ಕೊಂಡ ಮಹಾ ಕಾರ್ಲ್ ಇದ್ನಲ್ಲ, ಅದೇ ಶಾರ್ಲಮೇನ್, ಅವನ ಹೆಸರೇ ಪೂರ್ವದ ಕಡೆಯವರಿಗೆ 'ರಾಜ' ಅನ್ನೋ ಪದ ಆಯ್ತು, ಝೆಕ್‌ನಲ್ಲಿ ಕ್ರಾಲ್, ಪೋಲಿಷ್‌ನಲ್ಲಿ ಕ್ರೂಲ್, ರಷ್ಯನ್‌ನಲ್ಲಿ ಕರೋಲ್. ಜರ್ಮನ್ನರು ಮಾತ್ರ 'ಕೆರ್ಲ್' ಅಂತ ಇವತ್ತಿಗೂ ಯಾವನೋ ಒಬ್ಬ ಆಸಾಮಿಗೆ ಹೇಳ್ತಾರೆ.

ಸೈಕಲ್‌ನ ತಾತ ಅನ್ನಿಸ್ಕೊಂಡ ಓಡುಗಾಡಿನ 1817ರಲ್ಲಿ ಮಾಡಿದ ಕಾರ್ಲ್ ಡ್ರೈಸ್ ಇದೇ ಊರಲ್ಲಿ ಹುಟ್ಟಿದ್ದು, ಕಾರಿನ ಕಾರ್ಲ್ ಬೆಂಜ್ ಕೂಡ. ಊರು ಸಮತಟ್ಟು, ಬಂದ ತಕ್ಷಣ ಸೆಕೆಂಡ್ ಹ್ಯಾಂಡ್ ಸೈಕಲ್ ತಗೋ.

ಆದ್ರೆ ದಿನಾ ನಿನ್ ತಲೆ ತಿನ್ನೋದು ಕಾರ್ಲ್ ಅಲ್ಲ, 'ರೂಎ'. ವಿಶ್ರಾಂತಿನೂ ಅದೇ, ಗಲಾಟೆ ಮಾಡಬೇಡ್ರೋ ಅನ್ನೋದೂ ಅದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಂಗಿಲ್ಲ, ಭಾನುವಾರ ಇಡೀ ದಿನ ಹಂಗೇ, ಗೋಡೆಗೆ ಡ್ರಿಲ್ ಹಾಕಿದ್ರೆ ಪಕ್ಕದ ಮನೆ ಅಜ್ಜಿ ಬಾಗಿಲಿಗೇ ಬರ್ತಾರೆ. ದೋಸೆ ಹಿಟ್ಟು ರುಬ್ಬೋದಿದ್ರೆ ಶನಿವಾರ ಹಗಲೇ ಮುಗಿಸ್ಕೋ. ಭಾನುವಾರ ಸೂಪರ್ ಮಾರ್ಕೆಟ್‌ಗಳೂ ಬಂದ್, ಹಾಲು ಮೊಸರು ಮೊದಲೇ ತಂದಿಟ್ಕೋ. ಮರೆತ್ರೆ ದೊಡ್ಡ ರೈಲ್ವೆ ಸ್ಟೇಷನ್ ಒಳಗೆ ಹೋಗ್ ನೋಡು, ರೇಟು ಸ್ವಲ್ಪ ಜಾಸ್ತಿ.