ಅಮಲಿನಲ್ಲಿ ಮಾಡಿದ್ದು ನೆನಪೇ ಇಲ್ಲದಿದ್ದರೆ, ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಪ್ರಕಾರ ಅದನ್ನು ಮಾಡಿದವನು ‘ನಾನೇ’ ಆಗುತ್ತೇನೆಯೇ?

ನಿಜವಾಗಿಯೂ ಅರಿವಿಗೆ ಬಾರದಿದ್ದರೆ, ಆಗುವುದಿಲ್ಲ. 1694ರಲ್ಲಿ ತನ್ನ ಮುಖ್ಯ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಲಾಕ್ ‘ಮನುಷ್ಯ’ನನ್ನೂ ‘ವ್ಯಕ್ತಿ’ಯನ್ನೂ ಬೇರೆ ಮಾಡುತ್ತಾನೆ. ಒಂದೇ ಜೀವ ಮುಂದುವರಿಯುವ ದೇಹವಿದ್ದರೆ ಮನುಷ್ಯ ಅವನೇ. ಆದರೆ ಹಿಂದಿನ ಕೆಲಸವನ್ನು ‘ಇದು ನನ್ನದು’ ಎಂದು ಒಳಗಿನಿಂದ ಬಲ್ಲ ಪ್ರಜ್ಞೆ ಎಲ್ಲಿಯವರೆಗೆ ಚಾಚುತ್ತದೆಯೋ ವ್ಯಕ್ತಿ ಅಲ್ಲಿಯವರೆಗೆ ಮಾತ್ರ. ರಾಜಕುಮಾರನ ಪ್ರಜ್ಞೆ ಹೊತ್ತ ಆತ್ಮ ಚಮ್ಮಾರನ ದೇಹಕ್ಕೆ ಬಂದರೆ, ರಾಜಕುಮಾರನ ಕೃತ್ಯಗಳಿಗೆ ಆ ದೇಹದಲ್ಲಿರುವವನೇ ಹೊಣೆ.

ಹಾಗಾದರೆ ಕುಡುಕನಿಗೆ ಶಿಕ್ಷೆ ಏಕೆ? ಮರೆವು ನಿಜವೋ ನಟನೆಯೋ ನ್ಯಾಯಾಲಯ ತಿಳಿಯಲಾರದು. ಕೃತ್ಯ ಸಾಬೀತಾಗಿದೆ, ಮರೆವು ಸಾಬೀತಾಗಿಲ್ಲ. ಎಲ್ಲರ ಎದೆಯ ಗುಟ್ಟೂ ಬಯಲಾಗುವ ದೇವರ ಅಂತಿಮ ತೀರ್ಪಿನ ದಿನ, ತನಗೆ ಅರಿವೇ ಇಲ್ಲದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಲಾರದು ಎಂಬುದು ಲಾಕ್‌ನ ಎಣಿಕೆ. ಆ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಮಾತು ಇದೇ.

1785ರಲ್ಲಿ ಸ್ಕಾಟ್‌ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಎತ್ತಿದ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ತೋಟದಲ್ಲಿ ಕದ್ದು ಏಟು ತಿಂದ ಹುಡುಗ ಮುಂದೆ ಸೇನಾಧಿಕಾರಿಯಾಗಿ ಶತ್ರುವಿನ ಧ್ವಜ ಕಸಿದ. ಆಗ ಅವನಿಗೆ ಆ ಏಟುಗಳ ನೆನಪಿತ್ತು. ಮುದಿ ಸೇನಾಪತಿಯಾದಾಗ ಧ್ವಜ ಕಸಿದದ್ದು ನೆನಪಿದೆ, ಏಟು ಮರೆತಿದೆ. ಲಾಕ್‌ನ ಸೂತ್ರದಂತೆ ಸೇನಾಪತಿ ಆ ಅಧಿಕಾರಿಯೇ, ಅಧಿಕಾರಿ ಆ ಹುಡುಗನೇ; ಹಾಗಾಗಿ ಸೇನಾಪತಿ ಆ ಹುಡುಗನೂ ಹೌದು, ಏಟಿನ ನೆನಪಿಲ್ಲದ್ದರಿಂದ ಅಲ್ಲವೂ ಹೌದು.