ಲಾಗ ಹಾಕುವ ಮಗು ಕಲಿಯುವುದೇನು?

ಪ್ರಶ್ನೆ: ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗೆಂದೇ ನಡೆಸುವ ಜಿಮ್ನಾಸ್ಟಿಕ್ಸ್ ತರಗತಿಗೆ ವಾರಕ್ಕೊಮ್ಮೆ ಕಳುಹಿಸೋಣವೆಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ. ಇಷ್ಟು ಎಳೆಯ ಮೈಗೆ ಇದು ಅತಿಯಾಗುವುದಿಲ್ಲವೆ? ಮನೆಯಲ್ಲಿ ಅವಳು ಹೇಗೂ ಕುಣಿದು ಕುಪ್ಪಳಿಸುತ್ತಲೇ ಇರುತ್ತಾಳೆ. ಮನಸ್ಸಿನ ಬೆಳವಣಿಗೆಗೂ ಒಳ್ಳೆಯದು ಎಂಬ ಮಾತು ಎಷ್ಟು ನಿಜ?

ಉತ್ತರ: ಜಿಮ್ನಾಸ್ಟಿಕ್ಸ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಒಲಿಂಪಿಕ್ಸ್ ಬಂದು ನಿಂತಿರಬೇಕು. ಅಲ್ಲಿನ ಬೀಮ್, ಅಂದರೆ ಸಮತೋಲನ ಕಾಯ್ದುಕೊಂಡು ನಡೆಯುವ ಉದ್ದನೆಯ ಕಿರಿದಾದ ತೊಲೆ, ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿದ್ದು, ಅದರ ಅಗಲ ಕೇವಲ 10 ಸೆಂಟಿಮೀಟರ್ ಇರುತ್ತದೆ. ಪುಟ್ಟ ಮಕ್ಕಳ ಒಳ್ಳೆಯ ತರಗತಿಯಲ್ಲಿ ಬೀಮ್ ಹೆಚ್ಚುಕಡಿಮೆ ನೆಲಮಟ್ಟದಲ್ಲೇ ಇರುತ್ತದೆ. ಕರಡಿಯಂತೆ ಅಂಗೈ ಅಂಗಾಲೂರಿ ನಡೆಯುವುದು, ಕಪ್ಪೆಯಂತೆ ಜಿಗಿಯುವುದು, ಇಳಿಜಾರಾದ ಮೆತ್ತನೆಯ ಮ್ಯಾಟ್ ಮೇಲೆ ಉರುಳುವುದು, ಕಂಬಿ ಹಿಡಿದು ಜೋತಾಡುವುದು, ಇವೇ ಅಲ್ಲಿನ ಪಾಠಗಳು. ಇದರಲ್ಲಿ ನಿಮ್ಮ ಮಗಳ ಮೈಗೆ ಅತಿಯಾಗುವಂಥದ್ದೇನೂ ಇಲ್ಲ.

ಮನೆಯ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಕೇಳಲೇಬೇಕಾದ ಪ್ರಶ್ನೆ. ತನ್ನಷ್ಟಕ್ಕೆ ಆಡುವ ಮಗು ತನಗೆ ಬರುವುದನ್ನೇ ಹೆಚ್ಚಾಗಿ ಮಾಡುತ್ತದೆ. ಹಿಂದಕ್ಕೆ ನಡೆಯುವುದು, ತಲೆಕೆಳಗಾಗುವುದು, ಮೈಭಾರವನ್ನು ಕೈಗಳ ಮೇಲೆ ಹೊರುವುದು ದಿನನಿತ್ಯದ ಬದುಕಿನಲ್ಲಿ ವಿರಳ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಅರ್ಧವೃತ್ತಾಕಾರದ ನಾಳಗಳಿದ್ದು, ತಲೆ ತಿರುಗಿದಾಗ ಆ ದ್ರವದ ಚಲನೆಯಿಂದಲೇ ಮಿದುಳಿಗೆ ಮೈ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬ ಸುದ್ದಿ ಮುಟ್ಟುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಬರುವ ಸಂವೇದನೆ ಕೈಕಾಲುಗಳು ಎಲ್ಲಿವೆ ಎಂಬುದನ್ನು ಕಣ್ಣು ಮುಚ್ಚಿದ್ದಾಗಲೂ ತಿಳಿಸುತ್ತದೆ. ಮಗು ಉರುಳಿದಾಗ, ಲಾಗ ಹಾಕಿದಾಗ, ಬೀಮ್ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆದಾಗ ಮಿದುಳು ಈ ಎರಡು ಸುದ್ದಿಗಳನ್ನು ಕಣ್ಣು ಕಂಡದ್ದರೊಂದಿಗೆ ಹೊಂದಿಸಿಕೊಳ್ಳಲು ಕಲಿಯುತ್ತದೆ. ಸಮತೋಲನ ಎಂದು ನಾವು ಕರೆಯುವುದು ಈ ಹೊಂದಾಣಿಕೆಯನ್ನೇ.

ನನ್ನನ್ನು ಕೇಳಿದರೆ, ಇವೆಲ್ಲಕ್ಕಿಂತ ಬೆಲೆಯುಳ್ಳ ಪಾಠ ಕೆಳಕ್ಕೆ ಇಳಿಯುವುದು. ಮೊಣಕಾಲೆತ್ತರದ ಪೆಟ್ಟಿಗೆಯಿಂದ ಮೊದಲ ಸಲ ಜಿಗಿಯುವ ಮಗುವನ್ನು ಗಮನಿಸಿ: ಕಾಲುಗಳನ್ನು ಕಡ್ಡಿಯಂತೆ ಸೆಟೆಸಿಕೊಂಡು ದೊಪ್ಪನೆ ಬಿದ್ದು, ಮುಂದಕ್ಕೆ ಮುಗ್ಗರಿಸಿ ಅಂಗೈ ಊರುತ್ತದೆ. ಕೆಲವು ವಾರಗಳ ಬಳಿಕ ಅದೇ ಮಗು ಮೊಣಕಾಲು ಮಡಿಸಿ, ತೋಳುಗಳನ್ನು ಮುಂದೆ ಚಾಚಿ, ಸದ್ದಿಲ್ಲದೆ ಇಳಿದು ನಿಂತಲ್ಲೇ ನಿಲ್ಲುತ್ತದೆ. ಎಡವುವುದು, ಬೀಳುವುದು ಯಾವ ಮಗುವಿಗೂ ತಪ್ಪಿದ್ದಲ್ಲವಾದ್ದರಿಂದ, ಬೀಳುವಾಗ ಮೈಯನ್ನು ಸಂಭಾಳಿಸಿಕೊಳ್ಳುವ ರೀತಿ ಗೊತ್ತಿರುವುದು ಆಟದ ಅಂಗಳದಾಚೆಗೂ ಉಪಯೋಗಕ್ಕೆ ಬರುತ್ತದೆ. ಜಿಗಿತದಿಂದ ಮೂಳೆಗಳೂ ಜೋತಾಡುವುದರಿಂದ ಹಿಡಿತ ಮತ್ತು ಭುಜಗಳೂ ಬಲಗೊಳ್ಳುತ್ತವೆ.

ಇನ್ನು ಮನಸ್ಸಿನ ಮಾತು. "ಮೊದಲು ಬೀಮ್ ದಾಟು, ಆಮೇಲೆ ಸುರಂಗದೊಳಗೆ ನುಸುಳು, ಕೊನೆಗೆ ನೆಲದ ಮೇಲಿನ ದೊಡ್ಡ ಬಳೆಯೊಳಕ್ಕೆ ಜಿಗಿ" ಎಂಬ ಸೂಚನೆಯನ್ನು ಪಾಲಿಸಬೇಕಾದರೆ ಮಗು ಮೂರು ಸಂಗತಿಗಳನ್ನು ಅನುಕ್ರಮವಾಗಿ ನೆನಪಿಟ್ಟುಕೊಳ್ಳಬೇಕು, ತನ್ನ ಮುಂದಿರುವ ಮಗು ದಾಟುವವರೆಗೆ ಓಡುವ ಆಸೆಯನ್ನು ತಡೆದುಕೊಳ್ಳಬೇಕು. ನೆನಪಿಡುವ ಮತ್ತು ತಡೆದುಕೊಳ್ಳುವ ಈ ಶಕ್ತಿಗಳು ವೇಗವಾಗಿ ಚಿಗುರುವ ಕಾಲವೇ ಮೂರರಿಂದ ಐದನೆಯ ವರ್ಷ. ಹಾಗೆಂದು, ಲಾಗ ಹಾಕಿದ ಮಗು ಲೆಕ್ಕದಲ್ಲಿ ಮುಂದೆ ಬರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ದಯವಿಟ್ಟು ನಂಬಬೇಡಿ.

ವಾರಕ್ಕೊಂದು ತರಗತಿಯಷ್ಟೇ ಸಾಲದು ಎಂಬುದನ್ನೂ ಹೇಳಬೇಕು. ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತಹ ಚುರುಕಿನ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆದ್ದರಿಂದ ಮನೆಯ ಕುಣಿತ ನಿಲ್ಲದಿರಲಿ.

ಪ್ರಶ್ನೆ: ಜಿಮ್ನಾಸ್ಟಿಕ್ಸ್ ಕಲಿತರೆ ಮಕ್ಕಳು ಕುಳ್ಳಗಾಗುತ್ತಾರಂತೆ, ಹೌದೆ? ನನ್ನ ಮೊಮ್ಮಗನನ್ನು ಸೇರಿಸಲು ಭಯವಾಗುತ್ತಿದೆ.

ಉತ್ತರ: ಭಯ ಬೇಡ, ಅಮ್ಮ. ಗಿಡ್ಡ ಮೈ ಗಾಳಿಯಲ್ಲಿ ಸುಲಭವಾಗಿ ತಿರುಗುತ್ತದೆ. ಆ ಕಾರಣಕ್ಕೆ ಸಹಜವಾಗಿ ಗಿಡ್ಡಗಿರುವವರು ಈ ಕ್ರೀಡೆಯಲ್ಲಿ ಮೇಲೆ ಬರುತ್ತಾರೆ. ಕ್ರೀಡೆಯೇ ಅವರನ್ನು ಗಿಡ್ಡವಾಗಿಸಿದ್ದಲ್ಲ. ವಾರಕ್ಕೆ ಒಂದೆರಡು ತಾಸಿನ ಆಟದಿಂದ ನಿಮ್ಮ ಮೊಮ್ಮಗನ ಎತ್ತರಕ್ಕೆ ಕುಂದು ಬರುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲ ಓದುಗರಿಗೂ ಹೇಳಬಯಸುತ್ತೇನೆ: ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಜೋಡಣೆ ಸಡಿಲವಾಗಿರುವ ಸಾಧ್ಯತೆ ಇರುವುದರಿಂದ, ಲಾಗ ಹಾಕಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಪ್ರಶ್ನೆ: ಮೂರೂವರೆ ವರ್ಷದ ನನ್ನ ಮಗ ತರಗತಿಯಲ್ಲಿ ಗೋಡೆಗೆ ಒರಗಿ ನಿಂತುಬಿಡುತ್ತಾನೆ. ಕಳೆದ ವಾರ ಕೋಚ್ ಅವನ ಮುಂಗೈ ಹಿಡಿದೆಳೆದು ಬೀಮ್ ಹತ್ತಿಸಿದರು, ಅವನು ಅತ್ತುಬಿಟ್ಟ. ಬಿಡಿಸಿಬಿಡಲೆ?

ಉತ್ತರ: ಹಾಗೆ ಎಳೆದದ್ದು ಎರಡು ಕಾರಣಗಳಿಗಾಗಿ ತಪ್ಪು. ಐದು ವರ್ಷದೊಳಗಿನ ಮಕ್ಕಳ ಮೊಣಕೈಯಲ್ಲಿ ಮೂಳೆಯನ್ನು ಹಿಡಿದಿಡುವ ಕಟ್ಟು ಇನ್ನೂ ಸಡಿಲವಾಗಿರುವುದರಿಂದ, ಮುಂಗೈ ಹಿಡಿದು ಜಗ್ಗಿದರೆ ಮೂಳೆ ತುಸು ಜಾರಬಹುದು. ಮಗು ಕೈ ಆಡಿಸದೆ ಮೈಗೆ ಒತ್ತಿಕೊಂಡಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಮಗುವನ್ನು ಎತ್ತುವುದಾದರೆ ಕಂಕುಳ ಕೆಳಗೆ, ಎದೆಯ ಸುತ್ತ ಹಿಡಿದೇ ಎತ್ತಬೇಕು. ಎರಡನೆಯ ಕಾರಣ ಭಯಕ್ಕೆ ಸಂಬಂಧಿಸಿದ್ದು. ಬೀಮ್ ತನ್ನಿಂದ ದಾಟಲಾಗುವಂಥದ್ದು ಎಂದು ಮಗುವೇ ಕಂಡುಕೊಂಡಾಗ ಭಯ ಕರಗುತ್ತದೆ. ಬೇರೆಯವರ ಬಲವಂತ ಅದನ್ನು ಗಟ್ಟಿ ಮಾಡುತ್ತದೆ.

ಬಿಡಿಸುವ ಮೊದಲು ಕೋಚ್ ಜೊತೆ ನೇರವಾಗಿ ಮಾತನಾಡಿ. ಬೀಮ್ ಬದಲು ನೆಲದ ಮೇಲೆ ಎಳೆದ ಗೆರೆಯಿಂದ ಆರಂಭಿಸಲು ಕೇಳಿ. ಬೇಕೆನಿಸಿದಾಗ ಅವನೇ ಹಿಡಿದುಕೊಳ್ಳಲು ಒಂದು ಬೆರಳು ಚಾಚಿದರೆ ಸಾಕು. ಅವರು ಇದಕ್ಕೆ ಒಪ್ಪದಿದ್ದರೆ ಬೇರೆ ತರಗತಿ ಹುಡುಕಿ. ಒಪ್ಪಿದರೆ, ಇನ್ನೂ ಕೆಲವು ವಾರ ಅವನು ಗೋಡೆಗೆ ಒರಗಿ ನಿಂತರೂ ನಿಲ್ಲಲಿ. ಅಲ್ಲಿ ನಿಂತಿರುವಾಗ ಅವನ ಕಣ್ಣು ಯಾವುದರ ಮೇಲಿದೆ ಎಂದು ಒಮ್ಮೆ ಗಮನಿಸಿ. ಬೀಮ್ ದಾಟುತ್ತಿರುವ ಮಕ್ಕಳ ಪಾದಗಳನ್ನೇ ನೋಡುತ್ತಿದ್ದರೆ ಅವನ ಅಭ್ಯಾಸ ಆಗಲೇ ಶುರುವಾಗಿದೆ.