ಬೆಲ್ಲದ ಕಡಾಯಿಯಲ್ಲಿ ಎರಡು ತಾಸು ಏರದ ತಾಪ ಕೊನೆಗೆ ಒಮ್ಮೆಲೇ ಏರುವುದೇಕೆ?

ನಿಮ್ಮ ಪ್ರಶ್ನೆ ಇದು: ಮುಧೋಳದ ಹತ್ತಿರ ನಿಮ್ಮ ಗಾಣದಲ್ಲಿ ಕಡಾಯಿಗೆ ಥರ್ಮಾಮೀಟರ್ ಇಟ್ಟಿದ್ದೀರಿ. ಎಷ್ಟು ಉರಿ ಹಾಕಿದರೂ ಎರಡು ತಾಸು 98–100 ಡಿಗ್ರಿಯಲ್ಲೇ ನಿಂತಿದ್ದು, ಕೊನೆಗೆ ನೋಡನೋಡುತ್ತಲೇ 118 ದಾಟಿ ಪಾಕ ಸೀದುಹೋಯಿತು. ಪಿಯುಸಿ ಪುಸ್ತಕದ ಸೂತ್ರ ಹಾಕಿದರೆ 118 ಬರುವುದೂ ಇಲ್ಲ. ಥರ್ಮಾಮೀಟರ್ ಕೆಟ್ಟಿದೆಯೇ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಅಂತಲೇ ಕಾಣುತ್ತದೆ. ಅದು ತೋರಿಸಬೇಕಾದ್ದನ್ನೇ ತೋರಿಸಿದೆ.

ಉಷ್ಣ ಬೇರೆ, ತಾಪ ಬೇರೆ. ಕುದಿಯುವ ತನಕ ನೀವು ಕೊಟ್ಟ ಉಷ್ಣ ತಾಪವನ್ನು ಏರಿಸುತ್ತದೆ. ಕುದಿ ಹತ್ತಿದ ಮೇಲೆ ಹೆಚ್ಚುಕಡಿಮೆ ಅಷ್ಟೂ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಒಂದು ಕೆಜಿ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಬೇಕು, ಇದೇ ಗುಪ್ತೋಷ್ಣ. ಉರಿ ಜಾಸ್ತಿ ಮಾಡಿದರೆ ಆವಿ ಜೋರಾಗಿ ಏಳುತ್ತದೆ, ತಾಪ ಏರುವುದಿಲ್ಲ.

ಲೆಕ್ಕಕ್ಕೆ 1,000 ಕೆಜಿ ಕಬ್ಬಿನ ಹಾಲು ತೆಗೆದುಕೊಳ್ಳೋಣ. ಅದರಲ್ಲಿ 200 ಕೆಜಿ ಸಕ್ಕರೆ, 800 ಕೆಜಿ ನೀರು ಅನ್ನಿ. ಬಳಿದು ತೆಗೆಯುವ ನೊರೆ, ಕೊಳೆಯನ್ನು ಬಿಟ್ಟುಬಿಡೋಣ. ಹಾಲಿನ ವಿಶಿಷ್ಟೋಷ್ಣ, ಅಂದರೆ ಒಂದು ಕೆಜಿಯ ತಾಪ ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣ, ಸುಮಾರು 3.8 ಕಿಲೋಜೂಲ್. ಹೀಗಾಗಿ 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 260 ಮೆಗಾಜೂಲ್ ಸಾಕು. ಆದರೆ ನೀರನ್ನು 800ರಿಂದ 35 ಕೆಜಿಗೆ ಇಳಿಸಲು 1,730 ಮೆಗಾಜೂಲ್ ಬೇಕು, ಅಂದರೆ ಆರೂವರೆ ಪಟ್ಟು. ನಿಮ್ಮ ಎರಡು ತಾಸು ಹೋದದ್ದು ಅಲ್ಲಿ. ಹಸಿ ಸಿಪ್ಪೆ ಉರಿಸಬೇಡಿ ಅಂತ ಹಿರಿಯರು ಹೇಳುವುದೂ ಇದೇ ಕಾರಣಕ್ಕೆ. ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಆ ನೀರೂ ಒಲೆಯೊಳಗೆ ತನ್ನ ಪಾಲಿನ ಗುಪ್ತೋಷ್ಣ ಕೇಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹರಡಿ ಒಣಗಿಸಿದರೆ ಆ ಕೆಲಸ ಪುಕ್ಕಟೆಯಾಗಿ ಆಗುತ್ತದೆ.

ಇನ್ನು ಕೊನೆಯ ಓಟ. ನೀರಿನಲ್ಲಿ ಸಕ್ಕರೆ ಕರಗಿದ್ದರೆ ಕುದಿಬಿಂದು ಏರುತ್ತದೆ. ಎಷ್ಟು ಏರುತ್ತದೆ ಅನ್ನುವುದು ಉಳಿದ ಪ್ರತಿ ಕೆಜಿ ನೀರಿಗೆ ಎಷ್ಟು ಸಕ್ಕರೆ ಇದೆ ಎನ್ನುವುದರ ಮೇಲೆ ನಿಂತಿದೆ. ಸಕ್ಕರೆ ಅಷ್ಟೇ ಇದ್ದು ನೀರು ಕಡಿಮೆಯಾಗುತ್ತ ಹೋದಾಗ ಈ ಅನುಪಾತ ಮೊದಮೊದಲು ನಿಧಾನವಾಗಿ, ಕೊನೆಗೆ ಹುಚ್ಚಾಪಟ್ಟೆ ಏರುತ್ತದೆ. ಸಮುದ್ರಮಟ್ಟದ ಅಂಕಿಗಳಲ್ಲೇ ನೋಡಿ. ಸಕ್ಕರೆ ಶೇ. 20 ಇದ್ದಾಗ ಕುದಿಬಿಂದು 100ಕ್ಕಿಂತ ಅರ್ಧ ಡಿಗ್ರಿಯೂ ಮೇಲಿರುವುದಿಲ್ಲ. ಶೇ. 60ಕ್ಕೆ ಬಂದಾಗ ಸುಮಾರು 103. ಈ ಎರಡೂವರೆ ಡಿಗ್ರಿಗಾಗಿ ಆವಿಯಾದ ನೀರು 667 ಕೆಜಿ! ಶೇ. 60ರಿಂದ 85ಕ್ಕೆ ಹೋಗಲು 98 ಕೆಜಿ ಆವಿಯಾದರೆ ಸಾಕು, ತಾಪ 115ರ ಆಸುಪಾಸಿಗೆ ಬರುತ್ತದೆ. ಅಲ್ಲಿಂದ ಶೇ. 90ಕ್ಕೆ ಬರೀ 13 ಕೆಜಿ ನೀರು ಹೋಗಬೇಕು, ತಾಪ 122ರ ಹತ್ತಿರ ಬಂದಿರುತ್ತದೆ.

ಇದನ್ನು ಸಮಯಕ್ಕೆ ಇಳಿಸಿ. ಇಡೀ ಪಾಕ ಮೂರು ತಾಸಿನದಾದರೆ ಕಡಾಯಿಗೆ ಸೇರುವ ಉಷ್ಣ ಸರಾಸರಿ 184 ಕಿಲೋವಾಟ್, ಅಂದರೆ ಸುಮಾರು 12 ಸೆಕೆಂಡಿಗೆ ಒಂದು ಕೆಜಿ ಆವಿ. 13 ಕೆಜಿಗೆ ಎರಡೂವರೆ ನಿಮಿಷ ಚಿಲ್ಲರೆ. ಪೆಂಟೆ ಬೆಲ್ಲದ (ಗಟ್ಟಿ ಅಚ್ಚಿನ ಬೆಲ್ಲದ) ಹದ 118ರ ಸುಮಾರಿಗೆ, ಅಂದರೆ ಈ ಎರಡೂವರೆ ನಿಮಿಷದ ನಡುವೆಯೇ ಬಂದು ಹೋಗುತ್ತದೆ. 118 ಕಂಡ ಮೇಲೆ ಉರಿ ಎಳೆದರೆ ಕೆಲಸ ಕೆಟ್ಟಂತೆಯೇ, ಏಕೆಂದರೆ ಒಲೆಯ ಇಟ್ಟಿಗೆಯಲ್ಲಿ ತುಂಬಿದ ಉಷ್ಣ ಉರಿ ನಿಂತ ಮೇಲೂ ತಳಕ್ಕೆ ಬರುತ್ತಲೇ ಇರುತ್ತದೆ. 108ಕ್ಕೆ ಹೊಸ ಸಿಪ್ಪೆ ಹಾಕುವುದನ್ನು ನಿಲ್ಲಿಸಿ, 112ಕ್ಕೆ ಇದ್ದ ಉರಿ ಎಳೆದುಬಿಡಿ. ಉಳಿದದ್ದನ್ನು ಇಟ್ಟಿಗೆಯ ಬಿಸಿಯೇ ನೋಡಿಕೊಳ್ಳುತ್ತದೆ. ಒಲೆಯಿಂದ ಒಲೆಗೆ ಇದು ಒಂದೆರಡು ಡಿಗ್ರಿ ಆಚೀಚೆ ಆಗಬಹುದು.

ಸೀಯುವುದಕ್ಕೆ ಇನ್ನೊಂದು ಕಾರಣ ಪಾಕದ ಮಂದತನ. ತೆಳು ಹಾಲು ಕುದಿಯುವಾಗ ತಾನೇ ಮೇಲೆ ಕೆಳಗೆ ಆಡುತ್ತದೆ. ಮಂದ ಪಾಕ ಆಡುವುದಿಲ್ಲ, ತಳದ ಪದರ ಅಲ್ಲೇ ಕೂತು ಮೇಲಿನದಕ್ಕಿಂತ ಬಹಳ ಬಿಸಿಯಾಗುತ್ತದೆ. 105 ದಾಟಿದ ಮೇಲೆ ಕೈ ಬಿಡದೆ ತಳ ಕೆರೆಯುತ್ತ ತಿರುವಬೇಕು. ಥರ್ಮಾಮೀಟರಿನ ಬುಡ ತಳಕ್ಕೂ ಬದಿಗೂ ತಾಗದೆ ಪಾಕದಲ್ಲಿ ಪೂರ್ತಿ ಮುಳುಗಿರಲಿ. ಬುಡ ನೊರೆಯಲ್ಲಿದ್ದರೆ ಅಂಕಿ ಕಡಿಮೆ ಬರುತ್ತದೆ. ನೊರೆ ಉಕ್ಕಿದರೆ ಕೆಲವು ಹನಿ ಶೇಂಗಾ ಎಣ್ಣೆ ಸಾಕು.

ಸೂತ್ರದ ವಿಷಯ. ಪುಸ್ತಕದಲ್ಲಿರುವುದು: ಕುದಿಬಿಂದುವಿನ ಏರಿಕೆ = 0.512 × ಮೊಲಾಲಿಟಿ (ಒಂದು ಕೆಜಿ ನೀರಿನಲ್ಲಿ ಕರಗಿದ ಸಕ್ಕರೆಯ ಮೋಲ್‌ಗಳು). ಶೇ. 85ರ ಪಾಕದಲ್ಲಿ ಕೆಜಿಗೆ 850 ಗ್ರಾಂ ಸಕ್ಕರೆ, ಅದನ್ನು 342ರಿಂದ (ಒಂದು ಮೋಲ್ ಸಕ್ಕರೆಯ ಗ್ರಾಂ ತೂಕ) ಭಾಗಿಸಿದರೆ 2.49 ಮೋಲ್, ನೀರು 0.15 ಕೆಜಿ, ಮೊಲಾಲಿಟಿ 16.6. ಏರಿಕೆ ಎಂಟೂವರೆ ಡಿಗ್ರಿ ಬರುತ್ತದೆ, ಆದರೆ ನಿಜದಲ್ಲಿ ಸುಮಾರು 15 ಇರುತ್ತದೆ. ಲೆಕ್ಕದಲ್ಲಿ ನಿಮ್ಮ ತಪ್ಪಿಲ್ಲ. ಆ ಸೂತ್ರ ತೆಳು ದ್ರಾವಣಕ್ಕೆ ಮಾತ್ರ ಸಲ್ಲುತ್ತದೆ. ಗಟ್ಟಿ ಪಾಕದಲ್ಲಿ ಸಕ್ಕರೆಯ ಅಣುಗಳು ಇರುವ ನೀರಿನಲ್ಲಿ ಬಹುಪಾಲನ್ನು ತಮಗೇ ಹಿಡಿದುಕೊಳ್ಳುತ್ತವೆ. ಸ್ವತಂತ್ರವಾಗಿ ಆವಿಯಾಗಬಲ್ಲ ನೀರು 0.15 ಕೆಜಿಗಿಂತ ಕಡಿಮೆ ಇದ್ದಂತಾಗಿ ಏರಿಕೆ ಹೆಚ್ಚುತ್ತದೆ.

98ರಲ್ಲೇ ಕುದಿದದ್ದಕ್ಕೆ ಕಾರಣ ಎತ್ತರ. ಬಾಗಲಕೋಟೆ ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಸ್ವಲ್ಪ ಮೇಲಿದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕುದಿಬಿಂದು ಇಳಿಯುತ್ತದೆ. ಬೆಳಗಾವಿಯಲ್ಲಿ ನೀರು ಇನ್ನೂ ಬೇಗ, 97.5ರ ಆಸುಪಾಸಿಗೇ ಕುದಿಯುತ್ತದೆ. ಹಾಗಾಗಿ ಪುಸ್ತಕದ ಅಂಕಿಯನ್ನು ಹಾಗೇ ಹಿಡಿಯಬೇಡಿ. ಮೊದಲು ಅದೇ ಥರ್ಮಾಮೀಟರನ್ನು ಬರೀ ಕುದಿಯುವ ನೀರಿಗೆ ಇಟ್ಟು ನೋಡಿ. ಅದು 98 ತೋರಿಸಿದರೆ ನಿಮ್ಮ ಹದ 118 ಅಲ್ಲ, 116. ಮೇಲೆ ಹೇಳಿದ 108, 112ರಿಂದಲೂ ಎರಡು ಕಳೆಯಿರಿ. ನೀವು ಎರಡು ಡಿಗ್ರಿ ತಡವಾಗಿ ಇಳಿಸುತ್ತಿದ್ದಿರಿ ಅನ್ನುವುದು ನನ್ನ ಅನುಮಾನ, ಸೀದದ್ದರಲ್ಲಿ ಅದರ ಪಾಲೂ ಇದೆ.

ಥರ್ಮಾಮೀಟರ್ ಸರಿ ಇದ್ದೂ ಮೋಸವಾಗುವ ಸಂದರ್ಭ ಒಂದಿದೆ. ಕಡಿದು ಒಂದು ದಿನಕ್ಕಿಂತ ಹೆಚ್ಚು ಬಿದ್ದ ಕಬ್ಬಿನಲ್ಲಿ, ಹುಳಿ ಹೆಚ್ಚಿದ ಹಾಲಿನಲ್ಲಿ, ಸುಕ್ರೋಸಿನ (ಕಬ್ಬಿನ ಸಕ್ಕರೆಯ) ಒಂದು ಅಣು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗುತ್ತದೆ. ಕುದಿಬಿಂದು ನೋಡುವುದು ಅಣುಗಳ ಎಣಿಕೆಯನ್ನೇ ಹೊರತು ತೂಕವನ್ನಲ್ಲ. ಹೀಗಾಗಿ ಅಂಥ ಪಾಕ ಇನ್ನೂ ನೀರು ಉಳಿದಿರುವಾಗಲೇ ಹದದ ಅಂಕಿ ತೋರಿಸುತ್ತದೆ. ಇಳಿಸಿದರೆ ಪೆಂಟೆ ಕಟ್ಟುವುದಿಲ್ಲ, ಜೋನಿಯಂತೆ (ದ್ರವ ಬೆಲ್ಲದಂತೆ) ಇಳಿಯುತ್ತದೆ. ಸುಣ್ಣದ ತಿಳಿ ಹಾಕುವುದು ಆ ಹುಳಿ ಮುರಿಯಲಿಕ್ಕೆ. ಪಿಎಚ್ ಪೇಪರ್ ತಂದು ಹಾಲು 6.2–6.4ಕ್ಕೆ ಬಂದ ಕೂಡಲೇ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಹಳೆಯ ಕಬ್ಬು ಅರೆದ ದಿನ ಅಂಕಿಯನ್ನೊಂದೇ ನಂಬದೆ, ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಉಂಡೆ ಕಟ್ಟಿದರೆ ಇಳಿಸಿ. ಚಪ್ಪಟೆಯಾಗಿ ಹರಡಿದರೆ ಥರ್ಮಾಮೀಟರ್ ಏನೇ ಹೇಳಲಿ, ಇನ್ನೂ ನೀರಿದೆ.